ಗೂಟದ ಮೇಲಿನ ಕೆಂಪು ನಡುಕಟ್ಟು

ಹೋದ ತಿಂಗಳು ಹೊಳೆನರಸೀಪುರದ ನಮ್ಮ ಹಳೆಯ ಗರಡಿಮನೆಯ ಗೋಡೆ ಕೆಡವಿದರು. ಅದೇ ಜಾಗದಲ್ಲಿ ಹೊಸದು ಕಟ್ಟಿಸುತ್ತಾರಂತೆ, ಮೇಲೆ ಆರ್‌ಸಿಸಿ ಹಾಕಿಸಿ ಒಳಗೆಲ್ಲ ಟ್ಯೂಬ್‌ಲೈಟು ಹಾಕಿಸುತ್ತಾರಂತೆ. ಕಟ್ಟಿಸಲಿ, ನನ್ನದೇನೂ ತಕರಾರಿಲ್ಲ. ಗೋಡೆ ಬಿದ್ದ ಮಾರನೆಯ ಬೆಳಿಗ್ಗೆ ಗರಡಿಯ ಇಬ್ಬರು ಹುಡುಗರು ಪೇಪರಿನಲ್ಲಿ ಏನನ್ನೋ ಸುತ್ತಿಕೊಂಡು ನಮ್ಮ ಮನೆಗೆ ಬಂದರು.

“ತಾತ, ಗ್ವಾಡೆ ಕೆಡವ್ದಾಗ ಇದು ಸಿಕ್ತು. ಏನು ಅಂತ ಯಾರ್ಗೂ ಗೊತ್ತಿಲ್ಲ. ಗದೆ ನೇತಾಕ್ತಿದ್ರಾ ಇದ್ಕೆ?” ಎಂದು ಅವರಲ್ಲಿ ದೊಡ್ಡವನು ಕೇಳಿದ.

ಪೇಪರು ಬಿಚ್ಚಿದೆ. ಮೊಳದುದ್ದದ ಜಾಲಿಮರದ ಗೂಟ. ಮೂಗಿನ ಹತ್ತಿರ ಹಿಡಿದರೆ ಕೆಮ್ಮಣ್ಣು, ಎಳ್ಳೆಣ್ಣೆ, ಅರಿಶಿನ, ಹುಳಿಮಜ್ಜಿಗೆ, ಬೆವರು ಎಲ್ಲ ಒಟ್ಟಿಗೆ ಬಂದವು. ಇಷ್ಟು ವರ್ಷ ಕಳೆದರೂ ಆ ವಾಸನೆ ಸತ್ತಿರಲಿಲ್ಲ. ಗೂಟದ ಕುತ್ತಿಗೆಗೆ ಬಟ್ಟೆಯ ಚಿಂದಿಯೊಂದು ಸುತ್ತಿಕೊಂಡಿತ್ತು. ಹುಡುಗರ ಕಣ್ಣಿಗೆ ಅದು ಮಣ್ಣಿನ ಬಣ್ಣದ ಕೊಳಕು ಬಟ್ಟೆ. ಅದು ಕೆಂಪು ಎಂದು ನನಗೆ ಗೊತ್ತಿತ್ತು.

“ಹೊಸ ಗರಡೀಲಿ ಗಾಜಿನ್ ಪೆಟ್ಟಿಗೆ ಮಾಡ್ಸಿ ಇಡಾನ ಅಂತಾವ್ರೆ. ನೀವೇನಂತೀರ?”

“ಇದನ್ನ ಇಲ್ಲೇ ಬಿಟ್ಟೋಗು. ನಾಳೆ ಬಾ, ಹೇಳ್ತೀನಿ” ಎಂದೆ.

ಅವರು ಹೋದ ಮೇಲೆ ಗೂಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಒಂದಿಡೀ ಬೇಸಿಗೆ ಕಣ್ಣ ಮುಂದೆ ಬಂತು. ಯುದ್ಧ ನಡೆಯುತ್ತಿದ್ದ ಕಾಲ. ಅಕ್ಕಿಗೆ, ಬಟ್ಟೆಗೆ, ಸೀಮೆಎಣ್ಣೆಗೆ ಎಲ್ಲಕ್ಕೂ ರೇಷನ್ನು. ಪೇಟೆಬೀದಿಯಲ್ಲಿ ನಮ್ಮ ಅಪ್ಪಾಜಿಯ ಬೆಲ್ಲ ಕೊಬ್ಬರಿ ಅಂಗಡಿ. ನನಗೆ ಆಗ ಮೀಸೆ ಸರಿಯಾಗಿ ಮೂಡಿತ್ತೋ ಇಲ್ಲವೋ, ಸಿಟ್ಟು ಮಾತ್ರ ಪೂರ್ತಿ ಬೆಳೆದಿತ್ತು.

ನಮ್ಮ ಗರಡಿಯಲ್ಲಿ ಯಾರು ಎಲ್ಲಿಯವರೆಗೆ ಬಂದಿದ್ದಾರೆ ಎಂಬುದನ್ನು ಸೊಂಟ ನೋಡಿ ಹೇಳಬಹುದಿತ್ತು. ಲಂಗೋಟಿಯ ಮೇಲೆ ಬಿಗಿಯಾಗಿ ಸುತ್ತುವ ಬಟ್ಟೆಗೆ ನಡುಕಟ್ಟು ಎನ್ನುತ್ತಿದ್ದೆವು. ಹೊಸಬನಿಗೆ ಬಿಳಿ. ಬಿಳಿಯವನಿಗೆ ಕುಸ್ತಿ ಇಲ್ಲ, ಗುದ್ದಲಿ ಮಾತ್ರ. ಕುಸ್ತಿಯಾಡುವ ಮಣ್ಣಿನ ಕಣಕ್ಕೆ ಮಟ್ಟಿ ಎಂದು ಹೆಸರು. ದಿನಾ ಬೆಳಿಗ್ಗೆ ಅದನ್ನು ಅಗೆದು, ಹೆಂಟೆ ಒಡೆದು, ಎಣ್ಣೆ ಮಜ್ಜಿಗೆ ಅರಿಶಿನ ಹಾಕಿ ಕಲಸಿ ಹದ ಮಾಡಬೇಕು. ಆಮೇಲೆ ದಂಡ, ಬಸ್ಕಿ. ಅಷ್ಟರಲ್ಲಿ ಅಳುತ್ತಾ ಮನೆಗೆ ಓಡಿಹೋಗದೆ ಉಳಿದವನಿಗೆ ಅರಿಶಿನದ ನಡುಕಟ್ಟು. ಅವನು ಗರಡಿಯ ಒಳಗೆ ಜೋಡಿ ಕಟ್ಟಿ ಕುಸ್ತಿ ಆಡಬಹುದು. ಹೊರಗಿನ ಊರಿನ ಮಟ್ಟಿಗೆ ಇಳಿದು, ಚಿತ್ ಆಗದೆ, ಅಂದರೆ ಎರಡು ಭುಜವೂ ನೆಲಕ್ಕೆ ಹತ್ತದ ಹಾಗೆ ಆಡಿ ಬಂದವನಿಗೆ ಕೆಂಪು. ಕೆಂಪಿನವನು ಬೀದಿಯಲ್ಲಿ ಬಂದರೆ ಹೋಟೆಲಿನವನು ಕರೆದು ಹಾಲು ಕೊಡುತ್ತಿದ್ದ. ಅವನು ಗರಡಿಗೆ ಕಾಲಿಟ್ಟು “ಮಟ್ಟಿ ಅಗೀರ್ಲಾ” ಎಂದರೆ ಬಿಳಿಯವರು ಕೈಲಿದ್ದದ್ದು ಬಿಟ್ಟು ಗುದ್ದಲಿ ಹಿಡಿಯುತ್ತಿದ್ದರು. ಕಪ್ಪು ಇದ್ದದ್ದು ಕುಸ್ತಿ ಕಲಿಸುವ ಉಸ್ತಾದರೊಬ್ಬರಿಗೆ.

ಉಸ್ತಾದ್ ತಿಮ್ಮಣ್ಣ ದಂಡಿಗನಹಳ್ಳಿ ಕಡೆಯ ರೈತರು. ಕುಸ್ತಿಯಲ್ಲಿ ಎರಡು ಕಿವಿಯೂ ಜಜ್ಜಿ ಹೋಗಿ ಹುರಿದ ಹಪ್ಪಳದ ಹಾಗೆ ಮುದುಡಿದ್ದವು. ನನಗೆ ಬಿಳಿ ಕಟ್ಟಿದವರು ಅವರು, ಅರಿಶಿನ ಕಟ್ಟಿದವರೂ ಅವರೇ. ಆ ವರ್ಷದ ಸಂಕ್ರಾಂತಿ ಕಳೆದ ಮೇಲೆ ನಾನಾಗಿಯೇ ಹೋಗಿ ಕೆಂಪು ಕೇಳಿದೆ.

“ಬ್ಯಾಸ್ಗೇಲಿ ಚನ್ನರಾಯಪಟ್ಣದಲ್ಲಿ ಕುಸ್ತಿ ಐತೆ. ಅರಕಲಗೂಡಿನ್ ಕಾಳೇಗೌಡ್ನ ಮ್ಯಾಲೆ ಬಿಡ್ತೀನಿ. ಆಯ್ತಾ?” ಎಂದರು. ನನ್ನ ಎದೆ ಉಬ್ಬಿತು. ಮರುಕ್ಷಣ ಅವರು ಗೋಡೆಯ ಕಡೆ ಕೈ ತೋರಿಸಿದರು. “ಅಂಗಾದ್ರೆ ಇವತ್ತಿಂದ ಕೊರಳಲ್ಲಿರಾದ್ ತಗದು ಅಲ್ಲಾಕು.”

ಹನುಮಂತನ ಗೂಡಿನ ಪಕ್ಕದಲ್ಲಿದ್ದ ಈ ಗೂಟವೇ ಅದು. ಹೊರಗಿನ ಮಟ್ಟಿಗೆ ಹೋಗುವವನು ಮೈಮೇಲೆ ನಡುಕಟ್ಟು ಬಿಟ್ಟು ಒಂದು ದಾರವನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ತಾಯತ ಕಟ್ಟಿಕೊಂಡು ಗೆದ್ದ, ಮಾಟ ಮಾಡಿಸಿಕೊಂಡು ಗೆದ್ದ ಎಂದು ಹಿಂದೊಮ್ಮೆ ಯಾವ ಊರಲ್ಲೋ ಹೊಡೆದಾಟವೇ ಆಗಿತ್ತಂತೆ. ಅಂದಿನಿಂದ ಉಸ್ತಾದರ ಗುರುಗಳು ಆ ಗೂಟ ಹೊಡೆದು, ಮಟ್ಟಿಗೆ ಇಳಿಯುವ ಮುಂಚೆ ಎಲ್ಲವನ್ನೂ ಅಲ್ಲಿ ನೇತುಹಾಕಬೇಕು ಎಂದು ಕಟ್ಟುಮಾಡಿದ್ದರು.

ನನ್ನ ಕೊರಳಲ್ಲಿದ್ದದ್ದು ಲಿಂಗ. ಹುಟ್ಟಿದ ಕೆಲವೇ ದಿನಕ್ಕೆ ಕಟ್ಟಿದ್ದು. ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಲ್ಲಿ ಧರಿಸಿದ ಲಿಂಗ ಸಾಯುವವರೆಗೂ ಮೈ ಬಿಟ್ಟು ಹೋಗುವ ಹಾಗಿಲ್ಲ. ನಮ್ಮ ಮನೆಯಲ್ಲಿ ಇದು ಅನ್ನ ತಿನ್ನುವಷ್ಟು ಸಹಜವಾದ ಮಾತು. ಬಿಳಿ, ಅರಿಶಿನದ ಕಾಲದಲ್ಲಿ ಕರಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಂಡು ಆಡುತ್ತಿದ್ದೆ. ಉಸ್ತಾದರು ನೋಡಿಯೂ ನೋಡದ ಹಾಗಿದ್ದರು.

“ಆಗಲ್ಲ ಉಸ್ತಾದ್ರೇ. ಇದನ್ನ ಮೈಬಿಟ್ಟು ತೆಗೆಯೋ ಹಂಗಿಲ್ಲ” ಎಂದೆ.

“ಸ್ಯಾನುಬೋಗ್ರ ಮಗ ಜನಿವಾರ ತಗದು ಅಲ್ಲಾಕ್ತಾನೆ. ಬಾಷಾ ತಾಯ್ತ ಆಕ್ತಾನೆ. ನಿಂಗೊಬ್ಬನ್ಗೇನ್ಲಾ ಕೊಂಬು? ಮಟ್ಟಿಗಿಳುದ್ ಮ್ಯಾಲೆ ಜಾತಿ ಇಲ್ಲ, ದ್ಯಾವ್ರಿಲ್ಲ. ಎಲ್ಡು ಮೈ ಅಷ್ಟೇಯ. ಆ ಗೂಟದ್ ಮುಂದೆ ಎಲ್ರೂ ಒಂದೇ ಕಣ್ಲಾ.”

ಒಳ್ಳೆಯ ಮಾತೇ. ಆ ಕಾಲದಲ್ಲಿ ನಮ್ಮೂರಿನ ಬೇರೆ ಯಾವ ಗೋಡೆಯ ಮೇಲೂ ಜನಿವಾರವೂ ತಾಯತವೂ ಒಂದೇ ಗೂಟಕ್ಕೆ ನೇತಾಡುತ್ತಿರಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ಎಲ್ಲರಿಂದಲೂ ಒಂದೇ ಸಮ ಕಿತ್ತುಕೊಂಡರೆ ಅದು ನ್ಯಾಯ ಹೇಗಾಗುತ್ತದೆ? ಬಾಷಾ ನನ್ನ ಜೋಡಿ, ಒಂದೇ ವರ್ಷ ಬಿಳಿ ಕಟ್ಟಿದವರು ನಾವು, ಅವನೂ ಕೆಂಪಿಗೆ ತಯಾರಾಗುತ್ತಿದ್ದ. ಚಿಕ್ಕಂದಿನಲ್ಲಿ ಅವನಿಗೆ ಜ್ವರ ಬಂದು ಹೋಗಿಯೇಬಿಟ್ಟ ಎನ್ನುವಾಗ ಅವನ ತಾಯಿ ಕಟ್ಟಿಸಿದ ತಾಯತ ಅದು. ಅದೇ ತಿಂಗಳು ಗೂಟದಿಂದ ಜಾರಿ ಬಿದ್ದು, ಯಾರದೋ ಕಾಲಿಗೆ ಸಿಕ್ಕಿ ಒಡೆದುಹೋಗಿತ್ತು. ತಾಯಿಗೆ ಹೇಳಲಾರದೆ ಬರಿಯ ದಾರ ಕಟ್ಟಿಕೊಂಡು, ಮೇಲೆ ಅಂಗಿ ಮುಚ್ಚಿಕೊಂಡು ಓಡಾಡುತ್ತಿದ್ದ.

ಮನೆಗೆ ಬಂದರೆ ಸುದ್ದಿ ನನಗಿಂತ ಮುಂಚೆ ಅಂಗಡಿಗೆ ಬಂದು ಕೂತಿತ್ತು.

“ಲಿಂಗ ತೆಗೆದಿಟ್ಟು ಮಣ್ಣಲ್ಲಿ ಹೊರಳಾಡ್ತಾನಂತೆ ನನ್ನ ಮಗ!” ಎಂದು ಅಪ್ಪಾಜಿ ತಕ್ಕಡಿ ಕುಕ್ಕಿದರು.

“ತೆಗೆಯಲ್ಲ ಅಂತ ಹೇಳಿ ಬಂದಿದೀನಿ ಅಪ್ಪಾಜಿ.”

“ಹಂಗಾದ್ರೆ ಗರಡಿ ಬಿಟ್ಟಂಗಾಯ್ತು. ಒಳ್ಳೇದಾಯ್ತು, ಬಂದು ಗಲ್ಲಾಪೆಟ್ಟಿಗೆ ಮುಂದೆ ಕೂತ್ಕೊ.”

“ಗರಡೀನೂ ಬಿಡಲ್ಲ.”

“ಎರಡು ದೋಣಿ ಮೇಲೆ ಕಾಲಿಟ್ಟೋನು ಹೊಳೆ ಪಾಲಾಗ್ತಾನೆ ಕಣೋ.”

“ಆಗಲಿ. ಈಜು ಬರುತ್ತೆ.”

ಅಪ್ಪಾಜಿಗೆ ಮೈಯೆಲ್ಲ ಉರಿದುಹೋಯಿತು. ಅವತ್ತಿನಿಂದ ನನಗೆ ಮನೆಯಲ್ಲಿ ಹಾಲು, ತುಪ್ಪ, ಬಾದಾಮಿ ಎಲ್ಲ ಬಂದ್. “ಮುದ್ದೆ ಸಾರು ಹಾಕು, ಅದಕ್ಕಿಂತ ಒಂದು ತೊಟ್ಟು ಹೆಚ್ಚು ಹಾಕಿದ್ರೆ ನೋಡು” ಎಂದು ಅವ್ವನಿಗೆ ಅಪ್ಪಣೆಯಾಯಿತು. ನಾನು ಹಟಕ್ಕೆ ಬಿದ್ದು ಮುದ್ದೆಯನ್ನೇ ಇನ್ನೊಂದು ಹೆಚ್ಚು ಹಾಕಿಸಿಕೊಂಡು ನುಂಗಿದೆ.

ಹಿತ್ತಿಲ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದ ಅಜ್ಜಿ ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಮುಖ ನೋಡಿ ಅವಳಿಗೆ ನಗು.

“ಅದ್ಯಾಕ್ ಮಖ ಹಿಂಗ್ ಊದಿಸ್ಕಂಡಿದೀಯ? ಲಿಂಗ ಇಟ್ಕಳಕ್ಕೆ ಕೊರಳೊಂದೇ ಜಾಗ ಅಂತ ಯಾರ್ ಹೇಳ್ದೋರು? ಹೊಕ್ಕಳಿಂದ ಕೆಳಗೆ ಇಳೀಬಾರದು ಅಷ್ಟೇಯ. ತಲೆ ಮೇಲೆ ಕಟ್ಕ. ಎದೆ ಮೇಲಿಟ್ಕ. ಕಂಕುಳಲ್ಲಿಟ್ಕ. ಬಾಯೊಳಗಾದ್ರೂ ಇಟ್ಕ, ನಿನ್ನ ಬಾಯಿ ಒಂದಷ್ಟೊತ್ತು ಮುಚ್ಚಿರ್ತದೆ. ಇಲ್ದಿದ್ರೆ ಅಂಗೈಲಿಟ್ಕಂಡು ಆಡು ಹೋಗು. ಪೂಜೆಗೆ ಕೂತಾಗ ಅಲ್ಲೇ ತಾನೆ ಇರದು?”

ಅವಳು ಹೇಳಿದ್ದು ತಮಾಷೆಗೆ. ನಾನು ಎಡ ಅಂಗೈ ಬಿಡಿಸಿ ನೋಡಿಕೊಂಡೆ. ಮುಚ್ಚಿದೆ. ಮತ್ತೆ ಬಿಡಿಸಿದೆ. ಕೊರಳಲ್ಲಿ ದಾರವಿಲ್ಲ, ತೋಳಲ್ಲಿ ಗಂಟಿಲ್ಲ, ಆದರೂ ಲಿಂಗ ಮೈಬಿಟ್ಟು ಹೋಗಿಲ್ಲ. ಇಬ್ಬರ ಕಟ್ಟಳೆಯೂ ಉಳಿಯುತ್ತದೆ. ಹೋಗುವುದು ನನ್ನ ಒಂದು ಕೈ ಮಾತ್ರ.

ಮಾರನೆಯ ಬೆಳಿಗ್ಗೆ ಕರಡಿಗೆಯನ್ನು ಬಾಷಾನ ಕೈಗೆ ಕೊಟ್ಟು, ಲಿಂಗವನ್ನು ಪೂಜೆಯ ಬಟ್ಟೆಯಲ್ಲಿ ಸುತ್ತಿ ಎಡಗೈಯಲ್ಲಿ ಹಿಡಿದು ಮುಷ್ಟಿ ಬಿಗಿದೆ. ಬಾಷಾ ಮುಷ್ಟಿಯ ಮೇಲೆ ಒಂದು ಪಟ್ಟಿ ಸುತ್ತಿ ಕಟ್ಟಿದ. ಮಟ್ಟಿಯ ಅಂಚಿನಲ್ಲಿ ನಿಂತು, “ನೋಡಿ ಉಸ್ತಾದ್ರೇ, ಮೈಮೇಲೆ ದಾರ ಇಲ್ಲ” ಎಂದೆ.

ಅವರು ನನ್ನ ಸುತ್ತ ಒಂದು ಸುತ್ತು ಬಂದರು. ಮೊದಲು ನಕ್ಕರು. ನಾನು ನಗಲಿಲ್ಲ. ಅವರ ನಗು ನಿಂತಿತು.

“ಒಂದ್ ಕೈಲಿ ಕುಸ್ತಿ ಆಡ್ತೀಯೇನ್ಲಾ?”

“ಆಡ್ತೀನಿ.”

“ಆ ಮುಷ್ಟಿ ಜೋಡಿ ಮೈಗ್ ತಾಕಿತೋ, ಕಾಲ್ ಮುರುದ್ ಕೈಗ್ ಕೊಡ್ತೀನಿ. ಅದು ಇದ್ದೂ ಇಲ್ದಂಗಿರ್ಬೇಕು. ತಿಳೀತಾ? ಇಳಿ.”

ಇಳಿದೆ. ಬಾಷಾ ನನ್ನನ್ನು ಕಣ್ಣು ಮುಚ್ಚಿ ಬಿಡುವುದರೊಳಗೆ ಕೆಡವಿದ. ಎದ್ದೆ, ಮತ್ತೆ ಕೆಡವಿದ. ಬೀಳುವಾಗ ಊರಿಕೊಳ್ಳಲು ಕೈ ಇಲ್ಲದವನು ಮೂಗು ಊರಬೇಕಾಗುತ್ತದೆ ಎಂಬುದು ಅವತ್ತು ತಿಳಿಯಿತು. ಗರಡಿಯ ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಹೊಸ ಬಿಳಿಯವನೊಬ್ಬ ನನಗೆ ‘ಮುಷ್ಟಿ ಶೆಟ್ಟಿ’ ಎಂದು ಹೆಸರಿಟ್ಟ. ಆ ಹೆಸರು ಊರೆಲ್ಲ ಹರಡಿ, ಅಂಗಡಿಗೆ ಬಂದ ಗಿರಾಕಿಗಳೂ ಹಾಗೇ ಕರೆದರು. ಕರೆಯಲಿ ಎಂದು ಬಿಟ್ಟೆ. ಬೆರಳು ಹೆಚ್ಚು ಹೊತ್ತು ಬಿಗಿದುಕೊಂಡಿರುವುದು ರೂಢಿಯಾಗಬೇಕಲ್ಲ, ಹೊಳೆಯಲ್ಲಿ ಸಿಕ್ಕ ಒಂದು ನುಣುಪು ಕಲ್ಲನ್ನು ಎಡಗೈಯಲ್ಲಿ ಹಿಡಿದೇ ಬೆಲ್ಲ ತೂಗಿದೆ, ಹಿಡಿದೇ ಉಂಡೆ. ಅಪ್ಪಾಜಿ ನೋಡುತ್ತಿದ್ದರು. ಹಾಲು ಮಾತ್ರ ಬರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಹೇಮಾವತಿ ಇಳಿದು ನಡುವೆ ಮರಳಿನ ದಿಬ್ಬಗಳು ಎದ್ದವು. ಸಂಜೆ ಗರಡಿ ಮುಗಿದ ಮೇಲೂ ನಾನು, ಬಾಷಾ ಆ ಮರಳಿನಲ್ಲಿ ಆಡುತ್ತಿದ್ದೆವು. ಕೈ ಇಲ್ಲದ ಕಡೆ ಕಾಲು ಕೆಲಸ ಕಲಿಯಿತು. ಅವನ ಹಿಮ್ಮಡಿಗೆ ನನ್ನ ಪಾದ ಕೊಕ್ಕೆ ಹಾಕುವುದು, ಬಲಗೈ ಒಂದರಿಂದಲೇ ಕುತ್ತಿಗೆ ಬಗ್ಗಿಸುವುದು, ತಲೆಯನ್ನು ಅವನ ಕಂಕುಳಿಗೆ ತೂರಿಸಿ ಸೊಂಟದ ಮೇಲೆ ಎತ್ತುವುದು, ಇವನ್ನೆಲ್ಲ ಯಾರೂ ಹೇಳಿಕೊಡಲಿಲ್ಲ. ಬಿದ್ದು ಬಿದ್ದು ಬಂದವು. ಬೀಳುವಾಗ ಎಡಗೈಯನ್ನು ತಾನಾಗಿಯೇ ಮೇಲಕ್ಕೆತ್ತುವುದು ಅಭ್ಯಾಸವಾಯಿತು. ಲಿಂಗಕ್ಕೆ ಮಣ್ಣು ತಾಕಬಾರದು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು.

ಒಂದು ಸಂಜೆ ಬಾಷಾನ ಬೆನ್ನು ಮರಳಿಗೆ ತಾಕಿತು. ಅವನು ಮಲಗಿದಲ್ಲೇ ನಗತೊಡಗಿದ. “ಏನ್ ಗುರು, ಅರ್ಧ ಪೈಲ್ವಾನ ಪೂರ್ತಿ ಪೈಲ್ವಾನನ್ನ ಕೆಡವ್ಬುಟ್ಟ!” ದಡದ ಮೇಲೆ ಎಮ್ಮೆ ತೊಳೆಯುವವರ ಮಧ್ಯೆ ಉಸ್ತಾದರು ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ನಾವು ತಿರುಗಿದ್ದು ಕಂಡು ಹೊರಟುಹೋದರು.

ಕುಸ್ತಿಯ ದಿನ ಚನ್ನರಾಯಪಟ್ಟಣಕ್ಕೆ ಹೊರಟೆವು. ಪೆಟ್ರೋಲು ಸಿಗದ ಕಾಲ, ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿರುತ್ತಿದ್ದರು. ಅದರ ಗ್ಯಾಸಿನಿಂದ ಬಸ್ಸು ಓಡಬೇಕು. ಏರು ಬಂದಾಗಲೆಲ್ಲ “ಗಂಡಸ್ರೆಲ್ಲ ಇಳೀರಪ್ಪಾ” ಎಂದು ಕಂಡಕ್ಟರು ಕೂಗುತ್ತಿದ್ದ. ಇಳಿದು ತಳ್ಳುತ್ತಿದ್ದೆವು. “ಪೈಲ್ವಾನ್ರು ಇರೋವಾಗ ನಂಗೇನ್ ಚಿಂತೆ” ಎಂದು ಅವನಿಗೆ ಖುಷಿ. “ಒಂದ್ ಕೈಲಿ ತಳ್ತೀನಿ ಕಣಯ್ಯಾ, ಅರ್ಧ ಚಾರ್ಜ್ ವಾಪಸ್ ಕೊಡು” ಎಂದೆ. ಬಸ್ಸೆಲ್ಲ ನಕ್ಕಿತು.

ಒಣಗಿದ ಕೆರೆಯ ಅಂಗಳದಲ್ಲಿ ಮಟ್ಟಿ ಹಾಕಿದ್ದರು. ಹಾಸನದಿಂದ, ಮೊಸಳೆ ಗ್ರಾಮದಿಂದ, ಅರಕಲಗೂಡಿನಿಂದ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ಏರಿಯ ಮೇಲೆ ನಿಲ್ಲಲು ಜಾಗವಿರಲಿಲ್ಲ. ಕಾಳೇಗೌಡ ರಾಗಿ ಹೊಲದಲ್ಲಿ ಬೆಳೆದ ಆಳು, ಕತ್ತು ತಲೆಗಿಂತ ದಪ್ಪ. ತೊಡೆ ತಟ್ಟಿದರೆ ಕೆರೆಯ ಆಚೆ ದಡಕ್ಕೆ ಕೇಳುತ್ತಿತ್ತು.

ತೀರ್ಪು ಹೇಳುವ ಪಂಚರಲ್ಲಿ ಒಬ್ಬರು ನನ್ನ ಮುಷ್ಟಿ ನೋಡಿ ತಡೆದರು. “ಕೈಲೇನದು?”

ಜನರ ನಡುವಿನಿಂದ ಒಬ್ಬ, “ಕಲ್ಲಿಟ್ಕಂಡವ್ನೆ ಸಾ, ಗುದ್ದುಬುಡ್ತಾನೆ!” ಎಂದು ಕೂಗಿದ.

ಉಸ್ತಾದರು ಮಟ್ಟಿಯ ಒಳಗೆ ಬಂದು ನಿಂತರು. “ಅದು ಅವ್ನ ಲಿಂಗ. ಆ ಮುಷ್ಟಿ ಗೌಡ್ನ ಮೈಗ್ ಒಂದ್ ದಪ ತಾಕಿದ್ರೆ ನಮ್ ಗರಡಿ ಸೋತಂಗೆ. ನಾನ್ ತಿಮ್ಮಣ್ಣ ಯೋಳ್ತಾ ಇವ್ನಿ.” ಅವರ ಬಾಯಿಂದ ಈ ಮಾತು ಬಂದೀತು ಎಂದು ನಾನು ಎಣಿಸಿರಲಿಲ್ಲ. ಈಗ ನನ್ನ ಕೆಂಪು ಒಂದೇ ಅಲ್ಲ, ಗರಡಿಯ ಮಾನವೂ ಆ ಮುಷ್ಟಿಯ ಮೇಲೆ ಬಿತ್ತು.

ಕಾಳೇಗೌಡ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಿಧಾನವಾಗಿ ತನ್ನ ಎಡಗೈಯನ್ನು ಬೆನ್ನ ಹಿಂದೆ ಒಯ್ದು ಲಂಗೋಟಿಯ ಪಟ್ಟಿಗೆ ಸಿಕ್ಕಿಸಿಕೊಂಡ. “ಒಂದ್ ಕೈಯೋನ್ ಮ್ಯಾಲೆ ಎಲ್ಡ್ ಕೈ ಆಕಿ ಗೆದ್ದೆ ಅಂತ ಊರಿಗ್ ಓಗಿ ಯಾವ್ ಮಖ ತೋರ್ಸ್ಲಿ?” ಎಂದ. ಏರಿಯ ಮೇಲಿದ್ದ ಜನವೆಲ್ಲ ಚಪ್ಪಾಳೆ ತಟ್ಟಿತು. ಭಲೇ ಗೌಡ ಎಂದು ಕೂಗಿತು.

ನನಗೆ ಮೈ ಉರಿದುಹೋಯಿತು. ಬೇಸಿಗೆಯೆಲ್ಲ ಮೂಗು ಒಡೆಸಿಕೊಂಡದ್ದು ಇವನ ಕೈಯಿಂದ ದಯೆ ಈಸಿಕೊಳ್ಳುವುದಕ್ಕಲ್ಲ.

“ನಾನೇನ್ ನಿಮ್ಮ ಹತ್ರ ಭಿಕ್ಷೆ ಕೇಳಿದ್ನಾ ಗೌಡ್ರೇ? ಕೈ ಈಚೆಗೆ ತೆಗೀರಿ.”

“ತಗಸು ನೋಡಾನ” ಎಂದು ನಕ್ಕ.

ಅವನು ನಗುತ್ತಿರುವಾಗಲೇ ನಾನು ಕೆಳಗೆ ನುಗ್ಗಿದೆ. ಅವನ ಹಿಮ್ಮಡಿಗೆ ಪಾದದ ಕೊಕ್ಕೆ ಬಿತ್ತು, ಬಲಗೈ ಕತ್ತಿಗೆ ಬಿತ್ತು. ಮರ ಬಿದ್ದ ಹಾಗೆ ಗೌಡ ಮುಂದಕ್ಕೆ ಬಿದ್ದ. ಮುಖ ಮಣ್ಣಿಗೆ ಬಡಿಯುವ ಮುಂಚೆ ಅವನ ಎಡಗೈ ತಾನಾಗಿ ಹೊರಬಂದು ನೆಲ ಊರಿತು. ಜನ ಹುಚ್ಚೆದ್ದು ಕೂಗಿತು. ಎರಡು ಕೈ ಮಣ್ಣಿನಲ್ಲೂರಿ, ಮಂಡಿಯ ಮೇಲೆ ಕೂತು ಅವನು ನನ್ನನ್ನು ನೋಡಿದ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ. ಆ ನೋಟ ಕಂಡು ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಅವತ್ತು ಮೊದಲ ಸಲ ಯಾರೋ ನನ್ನನ್ನು ಪೂರ್ತಿ ಪೈಲ್ವಾನ ಎಂದು ಲೆಕ್ಕಕ್ಕಿಟ್ಟರು.

ಆಮೇಲೆ ನಡೆದದ್ದು ಕುಸ್ತಿ. ಎರಡು ಕೈಯ ಗೌಡ ನನ್ನನ್ನು ಹಿಂಡಿಬಿಟ್ಟ. ಜಾರಿದೆ, ತಪ್ಪಿಸಿಕೊಂಡೆ, ಒಮ್ಮೆ ಅವನನ್ನು ಸೊಂಟದವರೆಗೆ ಎತ್ತಿಯೂ ಎತ್ತಿದೆ, ತಿರುಗಿಸಲು ಇನ್ನೊಂದು ಕೈ ಬೇಕಾಗಿತ್ತು. ಕಡೆಗೆ ಅವನು ನನ್ನನ್ನು ಎತ್ತಿ ಒಗೆದ. ಬಲಭುಜ ಮಣ್ಣಿಗೆ ಬಿತ್ತು. ಮೈಯ ಭಾರವನ್ನೆಲ್ಲ ನನ್ನ ಎದೆಯ ಮೇಲೆ ಹಾಕಿ ಅದುಮಿದ. ನನ್ನ ಎಡಗೈ ಮರಳಿನಲ್ಲಿ ಕಲಿತ ಹಾಗೆ ಮೇಲಕ್ಕೆ ಎದ್ದು ಆಕಾಶಕ್ಕೆ ನೆಟ್ಟಗೆ ನಿಂತಿತ್ತು. ಕೈ ಮೇಲಿರುವವರೆಗೆ ಆ ಭುಜ ನೆಲಕ್ಕೆ ಹತ್ತುವುದಿಲ್ಲ. ಅದು ಅವನಿಗೂ ತಿಳಿಯಿತು. ಮೊಣಕೈ ಹಿಡಿದು ಬಗ್ಗಿಸತೊಡಗಿದ.

“ಕೈ ಇಳ್ಸ್ಲಾ, ಮುರುದೋತದೆ” ಎಂದು ನನ್ನ ಕಿವಿಯಲ್ಲಿ ಹೇಳಿದ. ಬೆದರಿಕೆಗೆ ಹೇಳಿದ್ದಲ್ಲ, ನಿಜವಾಗಿಯೂ ಹೆದರಿ ಹೇಳಿದ್ದು.

“ಮುರೀಲಿ.”

ಅವನು ಅದುಮಿದ, ನಾನು ಎತ್ತಿದೆ. ಕಣ್ಣಿಗೆ ಬಿಸಿಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನಗಾರಿ ಬಡಿದದ್ದು ನನಗೆ ಕೇಳಿಸಲಿಲ್ಲ. ಗೌಡನ ಭಾರ ಎದೆಯಿಂದ ಎದ್ದಾಗಲೇ ಕುಸ್ತಿಗೆ ಇಟ್ಟಿದ್ದ ಹೊತ್ತು ಮುಗಿಯಿತು ಎಂದು ಗೊತ್ತಾದದ್ದು.

ಪಂಚರು ನನ್ನನ್ನು ಕೂರಿಸಿ ಬೆನ್ನು ನೋಡಿದರು. ಬಲಭುಜದ ತುಂಬ ಕೆಮ್ಮಣ್ಣು. ಎಡಭುಜದಲ್ಲಿ ಬರಿ ಬೆವರು. “ಅರ್ಧ ಬೆನ್ನು ಸೋತೈತೆ, ಅರ್ಧ ಬೆನ್ನು ಸೋತಿಲ್ಲ. ಚಿತ್ ಅಲ್ಲ. ಜೋಡಿ ಸಮ” ಎಂದರು ಹಿರಿಯರು. ಕಾಳೇಗೌಡನೇ ನನ್ನನ್ನು ಎಬ್ಬಿಸಿ ನಿಲ್ಲಿಸಿದ.

ನಿಂತೆ, ಆದರೆ ಮುಷ್ಟಿ ಬಿಡಿಸಲಾಗಲಿಲ್ಲ. ಬೆರಳುಗಳು ಮರಗಟ್ಟಿ ಅಂಗೈಗೆ ಕಚ್ಚಿಕೊಂಡುಬಿಟ್ಟಿದ್ದವು. ಬಾಷಾ ಪಟ್ಟಿ ಬಿಚ್ಚಿದ, ಉಸ್ತಾದರು ಎಣ್ಣೆ ಸವರಿದರು, ಏನೂ ಆಗಲಿಲ್ಲ. ಆಗ ಜನರನ್ನು ಸರಿಸಿಕೊಂಡು ಯಾರೋ ಬಂದರು. ಮಟ್ಟಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟರು. ಪಂಚೆ ಎತ್ತಿ ಕಟ್ಟಿಕೊಂಡು ಮಣ್ಣಿಗೆ ಇಳಿದರು. ಅಪ್ಪಾಜಿ. ಕೊಬ್ಬರಿ ಖರೀದಿಗೆ ಬಂದಿದ್ದೆ, ದಾರಿಯಲ್ಲಿ ಗದ್ದಲ ಕೇಳಿಸಿತು ಎಂದು ಆಮೇಲೆ ಹೇಳಿದರು. ಕೊಬ್ಬರಿ ಮಂಡಿ ಇರುವುದು ಊರಿನ ಆ ಕಡೆ, ಕೆರೆ ಇರುವುದು ಈ ಕಡೆ. ನಾನು ಕೇಳಲು ಹೋಗಲಿಲ್ಲ.

ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಷ್ಟಿಯನ್ನು ತಮ್ಮ ಎರಡು ಅಂಗೈ ನಡುವೆ ಇಟ್ಟುಕೊಂಡು ಉಜ್ಜಿದರು. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬಿಡಿಸಿದರು. “ಬಿಡೋ ಕತ್ತೆ. ಸಡ್ಲ ಬಿಡೋ. ಎಷ್ಟು ಹಟ, ಎಷ್ಟು ಹಟ” ಎಂದು ಬಯ್ಯುತ್ತಲೇ ಇದ್ದರು. ಅಂಗೈ ತೆರೆಯಿತು. ಬಟ್ಟೆ ಬೆವರಿನಿಂದ ನೆಂದಿತ್ತು, ಒಂದು ಕಾಳು ಮಣ್ಣು ಇರಲಿಲ್ಲ. ಲಿಂಗವನ್ನು ಅಪ್ಪಾಜಿ ಮುಟ್ಟಲಿಲ್ಲ, ಇನ್ನೊಬ್ಬರದನ್ನು ಮುಟ್ಟುವ ಪದ್ಧತಿಯಿಲ್ಲ. ಬಾಷಾನ ಕೈಯಿಂದ ಕರಡಿಗೆ ಇಸಿದುಕೊಂಡು ತೆರೆದು ಹಿಡಿದರು. ನಾನು ಒಳಗಿಟ್ಟೆ. ದಾರವನ್ನು ಅವರೇ ನನ್ನ ಕೊರಳಿಗೆ ಕಟ್ಟಿದರು.

“ನಾಳೆಯಿಂದ ಹಾಲು ಕುಡಿ” ಎಂದರು. ನನಗೆ ಅಳು ಬಂತು, ಅತ್ತೆ.

ಊರಿಗೆ ಬಂದ ಕೆಲವು ದಿನಕ್ಕೆ ಮೊದಲ ಮಳೆ ಬಿತ್ತು. ಗರಡಿಯ ಹೆಂಚಿನ ಮೇಲೆ ಆಲಿಕಲ್ಲು ಬಡಿಯುತ್ತಿದ್ದ ಮಧ್ಯಾಹ್ನ ಉಸ್ತಾದರು ಎಲ್ಲರನ್ನೂ ಸೇರಿಸಿ, ಹನುಮಂತನ ಮುಂದೆ ಇಟ್ಟಿದ್ದ ಕೆಂಪು ನಡುಕಟ್ಟನ್ನು ಎತ್ತಿಕೊಂಡರು. ಹೊಸ ಬಟ್ಟೆ. ರೇಷನ್ನಿನ ಕಾಲದಲ್ಲಿ ಎಲ್ಲಿಂದ ತಂದರೋ. “ಬಾರ್ಲಾ” ಎಂದರು.

ಅದರ ಹಿಂದೆ ಗೋಡೆಯಲ್ಲಿ ಗೂಟ ಕಾಣಿಸುತ್ತಿತ್ತು. ಶಾನುಭೋಗರ ಮಗನ ಜನಿವಾರ ಅಲ್ಲಿ ತೂಗುತ್ತಿತ್ತು. ಪಕ್ಕದಲ್ಲಿ ಬಾಷಾ ಬರಿಯ ಕೊರಳಲ್ಲಿ ನಿಂತಿದ್ದ. ಅಷ್ಟು ಆಸೆ ಪಟ್ಟ ಕೆಂಪು ಕೈಗೆಟುಕುವಷ್ಟು ಹತ್ತಿರವಿತ್ತು.

“ಕಟ್ಕೋತೀನಿ ಉಸ್ತಾದ್ರೇ. ಮೊದ್ಲು ಆ ಗೂಟ ಕೀಳಿಸಿ.”

ಉಸ್ತಾದರು ಎತ್ತಿ ಹಿಡಿದಿದ್ದ ಬಟ್ಟೆಯನ್ನು ಕೆಳಗಿಳಿಸಿದರು.

“ಏನಂದೆ?”

“ಎರಡು ಕೈ ಇದ್ದಿದ್ರೆ ಗೌಡನ್ನ ಚಿತ್ ಮಾಡ್ತಿದ್ದೆ. ನನ್ನ ಒಂದು ಕೈನ ಆ ಗೂಟ ತಿಂತು. ಬಾಷಾನ ತಾಯತ ತಿಂತು. ಅದು ಇರೋವರೆಗೆ ನನಗೆ ಕೆಂಪು ಬೇಡ.”

“ಅದ ನಮ್ ಉಸ್ತಾದ್ರು ಒಡುದಿದ್ದು ಕಣ್ಲಾ. ಅವ್ರು ಒಡುದಿದ್ನ ನನ್ ಕೈಲಿ ಕೀಳಕ್ಕಾಗಲ್ಲ.”

“ನನ್ನ ಕೈಲಿ ಕಟ್ಕಳಕ್ಕಾಗಲ್ಲ.”

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ಜನಿವಾರವನ್ನು ಎತ್ತಿ ಶಾನುಭೋಗರ ಮಗನ ಕೈಗೆ ಕೊಟ್ಟರು. ಕೆಂಪು ನಡುಕಟ್ಟನ್ನು ಆ ಗೂಟಕ್ಕೇ ಸುತ್ತಿ ಗಂಟು ಹಾಕಿದರು. “ಇಲ್ಲೇ ಇರ್ತದೆ. ಕೊಬ್ಬಿಳುದ್ ದಿನ ಬಂದು ತಗೋ” ಎಂದರು.

ಅವತ್ತಿನಿಂದ ಅವರು ಯಾರನ್ನೂ ಏನನ್ನೂ ಬಿಚ್ಚಿ ಹಾಕು ಎಂದು ಕೇಳಲಿಲ್ಲ. ಗೂಟಕ್ಕೆ ನನ್ನ ಕೆಂಪು ಬಿಟ್ಟು ಇನ್ನೇನೂ ಬೀಳಲಿಲ್ಲ. ಹೊರಗಿನ ಮಟ್ಟಿಯವರು ಕೇಳಿದರೆ ಉಸ್ತಾದರೇ ಜಗಳಕ್ಕೆ ನಿಲ್ಲುತ್ತಿದ್ದರು. “ಈಗ್ಯಾರೂ ನೇತಾಕ್ತಿಲ್ವಲ್ಲ, ಕಟ್ಕಳ್ಲಾ” ಎಂದು ಯುಗಾದಿಗೊಮ್ಮೆ ಕರೆಯುವರು. “ಗೂಟ ಇನ್ನೂ ಇದೆಯಲ್ಲ. ನೀವಾದ್ಮೇಲೆ ಬರೋನು ಮತ್ತೆ ನೇತಾಕಿಸ್ತಾನೆ” ಎನ್ನುವೆ. “ಹಾಳಾಗೋಗು” ಎನ್ನುವರು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ಬಾಷಾ ಕೆಂಪಾದ. ನಾನು ಬಿಳಿ ಕಟ್ಟಿಸಿ ಕಲಿಸಿದ ಹುಡುಗರು ಕೆಂಪಾದರು. ಅವರಿಗೆ ಪಟ್ಟು ಹೇಳಿಕೊಡುವ ನನ್ನ ಸೊಂಟದಲ್ಲಿ ಅರಿಶಿನ. ಸಂಕಟವಾಗಲಿಲ್ಲವೇ ಎಂದರೆ, ಆಯಿತು. ಬಹಳ ಆಯಿತು. ಹೋಟೆಲಿನ ಮುಂದೆ ಹೋಗುವಾಗ ಆ ಕಡೆ ನೋಡುತ್ತಿರಲಿಲ್ಲ. ಉಸ್ತಾದರು ತೀರಿಕೊಂಡ ದಿನವೂ ಗೂಟ ಗೋಡೆಯಲ್ಲಿತ್ತು, ಅದರ ಮೇಲೆ ಬಣ್ಣ ಹೋದ ಬಟ್ಟೆ ಇತ್ತು. ಇಬ್ಬರಲ್ಲಿ ಒಬ್ಬರಾದರೂ ಸೋಲಬಹುದಿತ್ತು. ಸೋಲುವ ಜಾತಿಯೇ ಅಲ್ಲ ಇಬ್ಬರೂ. ಆಮೇಲೆ ಯಾರೋ ಗೋಡೆಗೆ ಗಾರೆ ಮೆತ್ತಿಸಿದರು, ಹೊರಗೆ ಸ್ವಲ್ಪವೇ ಚಾಚಿದ್ದ ಗೂಟ ಬಟ್ಟೆ ಸಮೇತ ಅದರೊಳಗೆ ಮುಚ್ಚಿಹೋಯಿತು.

ಇಷ್ಟನ್ನೂ ನೆನೆದು, ಬೆಳಿಗ್ಗೆ ಎದ್ದವನು ಮೊದಲು ಗೂಟದ ಕುತ್ತಿಗೆಯಿಂದ ಚಿಂದಿಯನ್ನು ನಿಧಾನವಾಗಿ ಬಿಚ್ಚಿದೆ. ಆಮೇಲೆ ಬಚ್ಚಲಿಗೆ ಹೋಗಿ ಗೂಟವನ್ನು ಹಂಡೆ ಒಲೆಗೆ ತುರುಕಿದೆ. ಜಾಲಿಮರ, ಎಣ್ಣೆ ಕುಡಿದ ಮರ, ಚೆನ್ನಾಗಿ ಉರಿಯಿತು. ಸೊಸೆ ಬಾಗಿಲಲ್ಲಿ ನಿಂತು, “ಮಾವ, ಗಾಜಿನ ಪೆಟ್ಟಿಗೇಲಿಡೋ ವಸ್ತು ಅಂದಿದ್ರಲ್ಲ ಅವ್ರು!” ಎಂದಳು. “ನೀರು ಕಾದಿದೆಯಾ ನೋಡು” ಎಂದೆ. ಆ ನೀರಿನಲ್ಲೇ ಸ್ನಾನ ಮಾಡಿದೆ. ಚಿಂದಿಯನ್ನು ಒಗೆದು ಉಡಿದಾರಕ್ಕೆ ಗಂಟು ಹಾಕಿದೆ. ಪೂಜೆಗೆ ಕೂತೆ. ಅವತ್ತು ಬಿಡಿಸಿದ ಕಿರುಬೆರಳು ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ, ಅದರ ಮಗ್ಗುಲಲ್ಲಿ ಲಿಂಗ ಅಲುಗದೆ ಕೂತುಕೊಳ್ಳುತ್ತದೆ.

ಹೊತ್ತೇರಿದ ಮೇಲೆ ಹುಡುಗರು ಬಂದರು.

“ಗೂಟ ಎಲ್ಲಿ ತಾತ?”

“ಒಲೇಲಿ.”

“ಅಯ್ಯಯ್ಯೋ! ಯಾಕ್ ತಾತ?”

ಅಂಗಿ ಎತ್ತಿ ಸೊಂಟ ತೋರಿಸಿದೆ. ಒದ್ದೆಯಾದ ಬಟ್ಟೆಯಲ್ಲಿ ಹಳೆಯ ಕೆಂಪು ಸ್ವಲ್ಪ ಎದ್ದು ಬಂದಿತ್ತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಏನ್ರೋ ನೋಡ್ತಾ ನಿಂತಿದೀರ? ಕೆಂಪಿನವನು ಬರ್ತಾವ್ನೆ ಅಂತ ಹೇಳಿ. ಹೋಗಿ ಮಟ್ಟಿ ಅಗೀರ್ಲಾ.”